ಕುದುರೆ ಎಣಿಸಿದೆವು, ಕಿಲೋ ಮರೆತೆವು

ಕಾರು ಕೊಳ್ಳಲು ಶೋರೂಮಿಗೆ ಹೋದವರು ಮೊದಲು ಪರೀಕ್ಷಿಸುವುದು ಬಾಗಿಲನ್ನು. ತೆಗೆದು ಹಾಕಿ ಸದ್ದು ಕೇಳುತ್ತಾರೆ. ‘ಧಪ್’ ಎಂದರೆ ಗಟ್ಟಿ ಗಾಡಿ, ‘ಟಣ್’ ಎಂದರೆ ತಗಡು. ಜೊತೆಗೆ ಬಂದ ಭಾವಮೈದುನನೋ ಪಕ್ಕದ ಮನೆಯವರೋ ತೀರ್ಪು ಕೊಟ್ಟೇಬಿಡುತ್ತಾರೆ: ‘ಗಾಡಿ ತೂಕ ಇದ್ರೆ ರೋಡಿಗೆ ಕೂತ್ಕೊಂಡು ಹೋಗುತ್ತೆ.’ ರಾಜಾಜಿನಗರದಿಂದ ಕೆಂಗೇರಿವರೆಗೆ ಈ ಮಾತಿಗೆ ಎದುರಾಡುವವರು ಕಡಿಮೆ. ಈ ಶತಮಾನದ ಮೊದಲ 25 ವರ್ಷ ಮುಗಿದಿವೆ. ಆ ಅವಧಿಯ ವಾಹನ ಮಾರುಕಟ್ಟೆಯನ್ನು ಹಿಂದಿರುಗಿ ನೋಡಿದರೆ, ಎಂಜಿನ್, ಮೈಲೇಜ್, ಸನ್‌ರೂಫ್, ಪರದೆಯ ಗಾತ್ರ ಎಲ್ಲದರ ಬಗ್ಗೆಯೂ ನಮ್ಮ ತಿಳಿವಳಿಕೆ ಬೆಳೆದಿದೆ. ತೂಕದ ವಿಷಯದಲ್ಲಿ ಮಾತ್ರ ಬಾಗಿಲ ಸದ್ದಿನ ಹತ್ತಿರವೇ ನಿಂತಿದ್ದೇವೆ.

‘ಕೂತ್ಕೊಂಡು ಹೋಗುತ್ತೆ’ ಎನ್ನುವುದು ಪೂರ್ತಿ ಸುಳ್ಳಲ್ಲ. ನೇರ ರಸ್ತೆಯಲ್ಲಿ, ಅಡ್ಡಗಾಳಿಯಲ್ಲಿ, ಪಕ್ಕದಲ್ಲಿ ಲಾರಿ ನುಗ್ಗಿ ಹೋದಾಗ ಭಾರದ ಕಾರು ಕಡಿಮೆ ಅಲುಗುತ್ತದೆ. ಸಣ್ಣಪುಟ್ಟ ಗುಂಡಿಗಳನ್ನು ಒಳಗೆ ಕೂತವರ ಬೆನ್ನಿಗೆ ಮುಟ್ಟಿಸದೆ ನುಂಗಿಕೊಳ್ಳುತ್ತದೆ. ಆದರೆ ಹ್ಯಾಂಡ್ಲಿಂಗ್ ಎಂಬ ಮಾತಿಗೆ ಅರ್ಥ ಬರುವುದು ಸ್ಟೀರಿಂಗ್ ತಿರುಗಿಸಿದಾಗ, ಬ್ರೇಕ್ ತುಳಿದಾಗ. ನೇರ ಬೀದಿಯಲ್ಲಿ ತೇರು ಎಳೆಯುವುದಕ್ಕಿಂತ ಮೂಲೆಯಲ್ಲಿ ಅದನ್ನು ತಿರುಗಿಸುವುದು ಎಷ್ಟು ಕಷ್ಟ ಎಂಬುದು ಜಾತ್ರೆಯಲ್ಲಿ ಹಗ್ಗ ಹಿಡಿದವರಿಗೆಲ್ಲ ಗೊತ್ತು. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಆ ತಿಳಿವಳಿಕೆಯನ್ನು ಶೋರೂಮಿನ ಹೊರಗೆ ಚಪ್ಪಲಿ ಜೊತೆ ಬಿಟ್ಟು ಹೋಗುತ್ತೇವೆ.

ಬೆಂಗಳೂರಿನ ಪಶ್ಚಿಮ ಭಾಗವನ್ನು ಇಟ್ಟುಕೊಂಡು ಈ ಲೆಕ್ಕ ತೆಗೆಯಲು ಕಾರಣವಿದೆ. ಮೈಸೂರು ರಸ್ತೆಯ ಒಂದೇ ಎಳೆಯ ಮೇಲೆ ಈ ಕಥೆಯ ಬಹುಪಾಲು ಪಾತ್ರಗಳು ಸಿಗುತ್ತವೆ. ವಿಜಯನಗರ, ನಾಯಂಡಹಳ್ಳಿ ದಾಟಿ ಕೆಂಗೇರಿಯತ್ತ ಸಾಗಿದರೆ ಆರ್.ವಿ. ಎಂಜಿನಿಯರಿಂಗ್ ಕಾಲೇಜು. ಅಲ್ಲಿನ ವಿದ್ಯಾರ್ಥಿಗಳು 2003ರಿಂದ ರೇಸ್ ಕಾರು ಕಟ್ಟುತ್ತಿದ್ದಾರೆ. ಇನ್ನೂ ಮುಂದೆ ನೈಸ್ ರಸ್ತೆಯ ಕೂಡು, ಅದರಾಚೆ ಕುಂಬಳಗೋಡು, ಮೈಸೂರು ಎಕ್ಸ್‌ಪ್ರೆಸ್‌ವೇ, ಬಿಡದಿಯ ಟೊಯೋಟಾ ಕಾರ್ಖಾನೆ. ಇತ್ತ ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳು. ಒಂದು ಲೋಹದ ತುಂಡಿನಿಂದ ಹತ್ತು ಗ್ರಾಂ ಕೆತ್ತಿ ತೆಗೆಯುವುದು ಏನೆಂದು ಬಲ್ಲ ಕೈಗಳು ಇರುವ ಬಡಾವಣೆಗಳಿವು. ತೂಕದ ಮಾತು ಇಲ್ಲಿ ಅರ್ಥವಾಗದಿದ್ದರೆ ಇನ್ನೆಲ್ಲೂ ಆಗದು.

ಕಥೆಯ ಆರಂಭ ಮಾತ್ರ ನಗರದ ಇನ್ನೊಂದು ಮೂಲೆಯದು. 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಎರಡು ಬಾಗಿಲು, ಪ್ಲಾಸ್ಟಿಕ್ ಹೊರಮೈ, ಮುಂದಿನ ಸೀಟುಗಳ ಕೆಳಗೆ ಸೀಸದ ಬ್ಯಾಟರಿಗಳು. ಚೇತನ್ ಮೈನಿ ಮತ್ತು ಅವರ ತಂಡ ಕಟ್ಟಿದ ಈ ಕಾರು 2004ರಿಂದ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಅಲ್ಲಿ ಅದು ಕಾಯಿದೆಯ ಲೆಕ್ಕದಲ್ಲಿ ಕಾರೇ ಆಗಿರಲಿಲ್ಲ. ಬ್ಯಾಟರಿ ಬಿಟ್ಟು 400 ಕಿಲೋ ಮೀರದ ನಾಲ್ಕು ಚಕ್ರದ ಗಾಡಿಗಳಿಗೆ ಯುರೋಪಿನಲ್ಲಿ ಆಗ ಬೇರೆಯೇ ವರ್ಗವಿತ್ತು. ರೇವಾ ಆ ಕಟ್ಟಿನೊಳಗೆ ಕೂತಿತ್ತು. ಬ್ಯಾಟರಿ ಸೇರಿ ಏಳುನೂರು ಕಿಲೋ ದಾಟದ ಗಾಡಿ, ಮೂರೂವರೆ ಮೀಟರ್ ಟರ್ನಿಂಗ್ ರೇಡಿಯಸ್. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ, ಎರಡೂ ಬದಿ ಕಾರು ನಿಂತು ಉಳಿದ ಸಂದಿಯಲ್ಲಿ, ಒಂದೇ ಏಟಿಗೆ ತಿರುಗಿಬಿಡುವ ಇಂಥ ಕಾರು ಆಮೇಲೆ ಬರಲಿಲ್ಲ.

ರೇವಾ ವೇಗದ ಕಾರಲ್ಲ. ಅದನ್ನು ಇಲ್ಲಿ ತರುವುದು ಬೇರೆ ಕಾರಣಕ್ಕೆ. 2009ರಲ್ಲಿ ಸೀಸದ ಬದಲು ಲಿಥಿಯಂ ಬ್ಯಾಟರಿಯ ರೇವಾ ಬಂದಾಗ ಕಾರು ಹಗುರವಾಯಿತು, ಹೆಚ್ಚು ದೂರವೂ ಓಡಿತು. ಹೊಸ ಬ್ಯಾಟರಿಯನ್ನು ತೂಕ ಇಳಿಸಲು ಬಳಸಿದ ಆ ಪಾಠವನ್ನು ಜಗತ್ತಿನ ವಾಹನೋದ್ಯಮ ತಿರುವು ಮುರುವಾಗಿ ಓದಿಕೊಂಡಿತು. ಬ್ಯಾಟರಿ ಸುಧಾರಿಸಿದಷ್ಟೂ ದೊಡ್ಡ ಬ್ಯಾಟರಿ, ಅದನ್ನು ಹೊರಲು ದೊಡ್ಡ ಕಾರು, ಅದನ್ನು ಎಳೆಯಲು ಇನ್ನೂ ದೊಡ್ಡ ಮೋಟಾರು. ಇವತ್ತು 80 ಕಿಲೋವ್ಯಾಟ್ ಅವರ್ ಬ್ಯಾಟರಿ ಪ್ಯಾಕ್ ಒಂದೇ ಐನೂರು ಕಿಲೋ ಆಸುಪಾಸು ತೂಗುತ್ತದೆ. ಒಂದು ರೇವಾದಲ್ಲಿ ಬ್ಯಾಟರಿ ಬಿಟ್ಟು ಉಳಿದ ಇಡೀ ಕಾರಿಗಿಂತ ಹೆಚ್ಚು.

ವೇಗದ ಕಾರುಗಳ ಕಥೆಯೂ ಇದೇ ದಾರಿ ಹಿಡಿಯಿತು. ಬಿಎಂಡಬ್ಲ್ಯೂ ಎಂ5 ಉದಾಹರಣೆ ಸಾಕು. 1980ರ ದಶಕದ ಮೊದಲ ಎಂ5 ಸುಮಾರು 1430 ಕಿಲೋ ತೂಗುತ್ತಿತ್ತು, 286 ಅಶ್ವಶಕ್ತಿ ಕೊಡುತ್ತಿತ್ತು. 2024ರ ಹೈಬ್ರಿಡ್ ಎಂ5 ತೂಗುವುದು 2435 ಕಿಲೋ, ಕೊಡುವುದು 727 ಅಶ್ವಶಕ್ತಿ. ಶಕ್ತಿ ಎರಡೂವರೆ ಪಟ್ಟಾಯಿತು ಎಂದು ಜಾಹೀರಾತು ಹೇಳುತ್ತದೆ. ಟನ್ನಿನ ಲೆಕ್ಕಕ್ಕೆ ಬಂದರೆ 200 ಅಶ್ವಶಕ್ತಿ 300ರ ಹತ್ತಿರಕ್ಕೆ ಬಂದಿದೆ, ಅಷ್ಟೇ. ನಡುವೆ ಸೇರಿಕೊಂಡ ಕುದುರೆಗಳಲ್ಲಿ ಅರ್ಧದ ಹತ್ತಿರ ಹೊಸದಾಗಿ ಬಂದ ಒಂದು ಟನ್ನು ಹೊರುವ ಕೂಲಿಗೆ ಹೋದವು. ಹಾಗೆಂದು ಹೊಸ ಎಂ5 ನಿಧಾನದ ಕಾರಲ್ಲ. ನೇರ ರಸ್ತೆಯಲ್ಲಿ ಹಳೆಯದು ಅದರ ಹಿಂಬದಿಯ ದೀಪ ನೋಡುವುದಕ್ಕೂ ಆಗದು. ಹೆಚ್ಚುವರಿ ಶಕ್ತಿ ತೂಕವನ್ನು ಮರೆಮಾಚುತ್ತದೆ. ಆದರೆ ಆ ಮರೆ ಇರುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ಬ್ರೇಕ್ ತುಳಿದ ಕ್ಷಣ 727 ಕುದುರೆಗಳಲ್ಲಿ ಒಂದೂ ಸಹಾಯಕ್ಕೆ ಬರುವುದಿಲ್ಲ, 2435 ಕಿಲೋ ಮಾತ್ರ ಪೂರ್ತಿ ಹಾಜರಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 1430 ಕಿಲೋ ಕಾರಿನಲ್ಲಿರುವ ಚಲನಶಕ್ತಿ ಸುಮಾರು 550 ಕಿಲೋಜೂಲ್, 2435 ಕಿಲೋ ಕಾರಿನದು 940. ಕಾರು ನಿಲ್ಲಬೇಕಾದರೆ ಇಷ್ಟೂ ಶಕ್ತಿ ಬಹುಪಾಲು ಡಿಸ್ಕಿನಲ್ಲಿ ಶಾಖವಾಗಿ ಕರಗಬೇಕು. ಒಂದು ಸಲಕ್ಕೆ ತೊಂದರೆಯಿಲ್ಲ. ಇವತ್ತಿನ ದೊಡ್ಡ ಬ್ರೇಕ್‌ಗಳು, ಅಗಲ ಟೈರುಗಳು ಮೊದಲ ಸಲ ಅಚ್ಚರಿ ಹುಟ್ಟಿಸುವಷ್ಟು ಬೇಗ ನಿಲ್ಲಿಸುತ್ತವೆ. ನಾಲ್ಕನೆಯ ಸಲ, ಐದನೆಯ ಸಲ ಪೆಡಲ್ ಮೆತ್ತಗಾಗುತ್ತದೆ. ರೇಸ್ ಟ್ರ್ಯಾಕಿನಲ್ಲಿ ಭಾರದ ಕಾರುಗಳು ಕೆಲವೇ ಸುತ್ತಿಗೆ ಸುಸ್ತಾಗುವುದು ಎಂಜಿನ್ನಿನಿಂದಲ್ಲ, ಬ್ರೇಕ್ ಮತ್ತು ಟೈರುಗಳಿಂದ. ನ್ಯಾಯ ಹೇಳಬೇಕೆಂದರೆ ಇಲ್ಲಿ ತೂಕಕ್ಕಿಂತ ದೊಡ್ಡ ಅಪರಾಧಿ ವೇಗ. ತೂಕ ಇಮ್ಮಡಿಯಾದರೆ ಶಾಖ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಮಡಿ. ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಬದಲು 120ರಲ್ಲಿ ಹೋಗುವವರು ತಮ್ಮ ಕಾರಿಗೆ ಶೇಕಡ 44ರಷ್ಟು ಹೆಚ್ಚಿನ ಹೊರೆ ಹೊರಿಸಿದಂತೆಯೇ.

ಇನ್ನು ತಿರುವು. ವಿಷಯದ ತಿರುಳು ಇರುವುದೇ ಇಲ್ಲಿ. ಟೈರಿನ ಮೇಲೆ ಭಾರ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ ಎಂಬುದು ನಿಜ. ‘ರೋಡಿಗೆ ಕೂತ್ಕೊಳ್ಳುತ್ತೆ’ ಎಂಬ ನಂಬಿಕೆಯ ಬೇರು ಇದೇ. ಆದರೆ ಭಾರ ಇಮ್ಮಡಿಯಾದಾಗ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಗೇ ನಿಲ್ಲುತ್ತದೆ. ರಬ್ಬರಿನ ಗುಣ ಅದು. ಅತ್ತ ಕಾರನ್ನು ತಿರುವಿನಿಂದ ಹೊರಕ್ಕೆ ಎಸೆಯುವ ಬಲ ಮಾತ್ರ ತೂಕಕ್ಕೆ ತಕ್ಕಂತೆ ಪೂರ್ತಿ ಇಮ್ಮಡಿಯಾಗುತ್ತದೆ. ವರಮಾನ ಒಂದೂಮುಕ್ಕಾಲು ಪಟ್ಟು, ಖರ್ಚು ಎರಡು ಪಟ್ಟು.

ಇದರ ಮೇಲೆ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಜಾರುತ್ತದೆ. 1500 ಕಿಲೋ ಸೆಡಾನ್ ಒಂದರ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದೆ, ಎಡ ಬಲ ಚಕ್ರಗಳ ನಡುವೆ 155 ಸೆಂಟಿಮೀಟರ್ ಅಂತರವಿದೆ ಎಂದುಕೊಳ್ಳಿ. ಬಿರುಸಾಗಿ, ಅಂದರೆ 0.8 ಜಿ ಬಲದಲ್ಲಿ ತಿರುಗಿದಾಗ ಸುಮಾರು 425 ಕಿಲೋ ಒಳಬದಿಯ ಚಕ್ರಗಳಿಂದ ಹೊರಬದಿಯವಕ್ಕೆ ಹೋಗುತ್ತದೆ. ಒಳಬದಿಯಲ್ಲಿ ಇದ್ದ 750 ಕಿಲೋದಲ್ಲಿ 325 ಉಳಿಯುತ್ತದೆ. ಅದೇ ತಿರುವಿಗೆ 2100 ಕಿಲೋ ಎಸ್‌ಯುವಿ ತನ್ನಿ. ಗುರುತ್ವ ಕೇಂದ್ರ ಮುಕ್ಕಾಲು ಮೀಟರ್ ಎತ್ತರದಲ್ಲಿರಲಿ. ಅಷ್ಟೇ ಬಿರುಸಿಗೆ 800 ಕಿಲೋಗೂ ಹೆಚ್ಚು ಹೊರಬದಿಗೆ ಬೀಳುತ್ತದೆ, ಒಳಬದಿಯಲ್ಲಿ ಕಾಲುಭಾಗವೂ ಉಳಿಯುವುದಿಲ್ಲ. ಹೊರಬದಿಯ ಎರಡು ಟೈರುಗಳು ಇಡೀ ಕಾರಿನ ಕೆಲಸ ಮಾಡುತ್ತಿರುತ್ತವೆ, ಒಳಬದಿಯವು ಮೆರವಣಿಗೆಗೆ ಬಂದವರಂತೆ ಸುಮ್ಮನೆ ಉರುಳುತ್ತವೆ. ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಅದು ಎಷ್ಟು ಎತ್ತರದಲ್ಲಿದೆ ಎನ್ನುವುದು.

ವಿದ್ಯುತ್ ಕಾರುಗಳ ಪರ ವಾದಿಸುವವರಿಗೆ ಇಲ್ಲೊಂದು ಒಳ್ಳೆಯ ದಾಳ ಸಿಗುತ್ತದೆ. ಬ್ಯಾಟರಿ ನೆಲಹಾಸಿನ ಕೆಳಗಿರುವುದರಿಂದ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ. ಪೋರ್ಷೆ ಕಂಪನಿಯ ಟೈಕಾನ್ ಟರ್ಬೊ ಎಸ್ 2019ರಲ್ಲಿ ಬಂದಾಗ 2295 ಕಿಲೋ ತೂಗುತ್ತಿತ್ತು; ಆದರೂ ಅದರ ಗುರುತ್ವ ಕೇಂದ್ರ ಅದೇ ಕಂಪನಿಯ 911ಕ್ಕಿಂತ ಕೆಳಗಿದೆ. ಓಡಿಸಿದವರು ಅದನ್ನು ಮೆಚ್ಚುವುದರಲ್ಲಿ ಸುಳ್ಳಿಲ್ಲ. ಹಿಂಚಕ್ರಗಳೂ ತಿರುಗುವ ಸ್ಟೀರಿಂಗ್, ಏರ್ ಸಸ್ಪೆನ್ಷನ್, ಬಾಗುವುದನ್ನು ತಡೆಯುವ ವಿದ್ಯುತ್ ಆಂಟಿ-ರೋಲ್ ಬಾರ್, ಸೆರಾಮಿಕ್ ಬ್ರೇಕ್ ಇವೆಲ್ಲ ಸೇರಿ ಎರಡೂಕಾಲು ಟನ್ನನ್ನು ಒಂದೂವರೆ ಟನ್ನಿನಂತೆ ನಡೆಸುತ್ತವೆ. ಈ ಪ್ರತಿಯೊಂದು ಸಾಧನಕ್ಕೂ ತನ್ನದೇ ತೂಕವಿದೆ ಎಂಬುದು ಬೇರೆ ಮಾತು. ಹಿಡಿತದ ಗಡಿ ದಾಟುವವರೆಗೆ ಈ ನಾಟಕ ಸೊಗಸಾಗಿ ನಡೆಯುತ್ತದೆ, ದಾಟಿದ ಮೇಲೆ ವೇದಿಕೆಯಲ್ಲಿ ಉಳಿಯುವುದು ಎರಡೂಕಾಲು ಟನ್ನೇ. ಗಡಿ ಬರುವ ಮೊದಲು ಹಳೆಯ ಹಗುರ ಕಾರುಗಳು ಸ್ಟೀರಿಂಗಿನಲ್ಲಿ, ಸೀಟಿನಲ್ಲಿ ಸುಳಿವು ಕೊಡುತ್ತಿದ್ದವು. ಇವು ಅಷ್ಟು ಮಾತಾಡುವುದಿಲ್ಲ.

ಮಾರುತಿ ಎಸ್ಟೀಮ್ ಓಡಿಸಿದ ತಲೆಮಾರಿಗೆ ಈ ಸುಳಿವು ಏನೆಂದು ವಿವರಿಸಬೇಕಿಲ್ಲ. ಒಂಬೈನೂರು ಕಿಲೋ ಒಳಗಿನ ಮೈ, ನಂತರದ ಮಾದರಿಯಲ್ಲೂ 85 ಅಶ್ವಶಕ್ತಿ. 1990ರ ದಶಕದಲ್ಲಿ ನಮ್ಮ ರ‍್ಯಾಲಿಗಳಲ್ಲಿ ಅದು ಮಾಡಿದ ಕೆಲಸಕ್ಕೆ ಎಂಜಿನ್ನಿನಷ್ಟೇ ಕಾರಣ ಅದರ ಹಗುರತನ. ಅದರ ಹಿಂದೆಯೇ ಬಂದ ಮೊದಲ ಹೋಂಡಾ ಸಿಟಿಯ ವಿಟೆಕ್ 106 ಅಶ್ವಶಕ್ತಿಯಲ್ಲಿ ಟನ್ನಿನ ಆಸುಪಾಸಿನ ಕಾರನ್ನು ಎಳೆಯುತ್ತಿತ್ತು. ಇವತ್ತಿನ ಪಟ್ಟಿಯಲ್ಲಿ ಈ ಅಂಕಿಗಳು ನಾಚಿಕೆಯಾಗುವಷ್ಟು ಚಿಕ್ಕವು. ಆ ಕಾರುಗಳನ್ನು ಇಂದಿಗೂ ಜೋಪಾನವಾಗಿಟ್ಟುಕೊಂಡವರು ಇರುವುದು ಸುಮ್ಮನೆ ಅಲ್ಲ. ತೂಕವೇ ಎಲ್ಲ ಎನ್ನುವವರಿಗೆ ಅಡ್ಡ ಬರುವ ಕಾರೂ ಒಂದಿದೆ: 2001ರ ಫಿಯೆಟ್ ಪಾಲಿಯೊ. ತನ್ನ ವರ್ಗದಲ್ಲಿ ಭಾರದ್ದು, ಆದರೂ ಸಸ್ಪೆನ್ಷನ್ ಹೊಂದಿಸಿದವರ ಕೈಗುಣದಿಂದ ತಿರುವಿನಲ್ಲಿ ಅದನ್ನು ಮೀರಿಸುವ ಹ್ಯಾಚ್‌ಬ್ಯಾಕ್ ಆಗ ಇರಲಿಲ್ಲ. ಅದರ ತೂಕ ಎದ್ದು ಕಂಡದ್ದು ಪಿಕಪ್ಪಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ.

ಮತ್ತೆ ಮೈಸೂರು ರಸ್ತೆಗೆ ಬರೋಣ. ಆರ್.ವಿ. ಕಾಲೇಜಿನ ‘ಅಶ್ವ ರೇಸಿಂಗ್’ ತಂಡದ ಹೆಸರಿನಲ್ಲಿ ಕುದುರೆಯಿದ್ದರೂ ಅವರ ದಿನನಿತ್ಯದ ಜಗಳ ಕಿಲೋ ಜೊತೆ. ಅವರು ಇಳಿಯುವ, ಫಾರ್ಮುಲಾ ಸ್ಟುಡೆಂಟ್ ಎಂದು ಕರೆಯುವ ಸ್ಪರ್ಧೆಗಳ ಮೂಲ 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ. ನಮ್ಮಲ್ಲಿ ಫಾರ್ಮುಲಾ ಭಾರತ್ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುತ್ತದೆ. ನಿಯಮಗಳು ಜಾಣತನದವು. ಎಂಜಿನ್ ಉಸಿರಾಡುವ ಕೊಳವೆಗೆ 20 ಮಿಲಿಮೀಟರಿನ ಕಡ್ಡಾಯ ಕಂಡಿ ಇಟ್ಟು, ಅಶ್ವಶಕ್ತಿಯ ಆಟವನ್ನು ಮೊದಲೇ ಮುಚ್ಚಿಬಿಡುತ್ತವೆ. ಆಮೇಲೆ ಉಳಿಯುವ ದಾರಿ ಒಂದೇ, ಹಗುರವಾಗುವುದು. ನಾಲ್ಕು ಸಿಲಿಂಡರಿನ 600 ಸಿಸಿ ಬೈಕ್ ಎಂಜಿನ್ನಿನ ಬದಲು ಕೆಟಿಎಂ 390ರ ಒಂಟಿ ಸಿಲಿಂಡರ್ ಸಾಕೆ? ಹದಿಮೂರು ಇಂಚಿನ ಚಕ್ರದ ಬದಲು ಹತ್ತು ಇಂಚಿನದು? ಉಕ್ಕಿನ ಕೊಳವೆಯ ಚೌಕಟ್ಟೋ ಕಾರ್ಬನ್ ಫೈಬರ್ ಮೈಯೋ? ಇನ್ನೂರು ಚಿಲ್ಲರೆ ಕಿಲೋ ಕಾರಿನಲ್ಲಿ 70 ಕಿಲೋ ಹುಡುಗ ಕೂತರೆ ಒಟ್ಟು ಭಾರದ ಕಾಲುಭಾಗ ಅವನೇ. ಅವನ ಸೀಟನ್ನು ಎರಡು ಇಂಚು ಕೆಳಗಿಳಿಸುವುದು ಎಂಜಿನ್ ಟ್ಯೂನ್ ಮಾಡುವುದಕ್ಕಿಂತ ಲಾಭದ ಕೆಲಸ.

ಈ ಸ್ಪರ್ಧೆಯಲ್ಲಿ ಸ್ಕಿಡ್‌ಪ್ಯಾಡ್ ಎಂಬ ಪರೀಕ್ಷೆಯೊಂದಿದೆ. ನೆಲದ ಮೇಲೆ ಇಂಗ್ಲಿಷ್ ಎಂಟರ ಆಕಾರ, ಒಳವೃತ್ತದ ವ್ಯಾಸ 15.25 ಮೀಟರ್. ಒಂದು ಸುತ್ತನ್ನು ಐದು ಸೆಕೆಂಡಿನಲ್ಲಿ ಮುಗಿಸಿದರೆ ಕಾರು ಸುಮಾರು ಒಂದೂವರೆ ಜಿ ಬಲ ತಡೆದುಕೊಂಡಿದೆ ಎಂದು ಅರ್ಥ. ಆಗ ಸ್ಪೀಡೋಮೀಟರ್ ತೋರಿಸುವುದು ಗಂಟೆಗೆ ನಲವತ್ತು ಚಿಲ್ಲರೆ ಕಿಲೋಮೀಟರ್ ಮಾತ್ರ! ವಿಜಯನಗರದ ಒಳರಸ್ತೆಯಲ್ಲಿ ಸ್ಕೂಟರ್ ಹೋಗುವ ವೇಗ. ರಸ್ತೆಯ ಟೈರಿನ ಯಾವ ಎಸ್‌ಯುವಿಯೂ ಆ ವೃತ್ತದಲ್ಲಿ ಆ ವೇಗದಲ್ಲಿ ಸುತ್ತಲಾರದು. ಹ್ಯಾಂಡ್ಲಿಂಗ್ ಎಂದರೆ ಏನೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಆಸ್ಟ್ರೇಲಿಯಾ, ಯುರೋಪುಗಳ ಸ್ಪರ್ಧೆಗಳಿಗೂ ಹೋಗಿ ಬಂದ ಅಶ್ವ ತಂಡದಿಂದ ಕಲಿತು ಹೊರಬಂದವರು ಎರಡು ದಶಕಗಳಲ್ಲಿ ಎಷ್ಟೋ ಮಂದಿ. ಮಾರುಕಟ್ಟೆ ಕೇಳುವುದು ಮಾತ್ರ ಇನ್ನೂ ದೊಡ್ಡ ಗ್ರಿಲ್.

ರೇಸಿನ ಜಗತ್ತು ತೂಕವನ್ನು ಎಷ್ಟು ಗಂಭೀರವಾಗಿ ನೋಡುತ್ತದೆ ಎಂಬುದಕ್ಕೆ ನಮ್ಮೂರಿನ ಇನ್ನೊಂದು ಕೊಂಡಿ. ರೇವಾದ ಚೇತನ್ ಮೈನಿ ಅವರ ಅಣ್ಣನ ಮಕ್ಕಳಾದ ಅರ್ಜುನ್ ಮತ್ತು ಕುಶ್ ಇಬ್ಬರೂ ರೇಸ್ ಚಾಲಕರು. ಕುಶ್ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಗೆದ್ದರು. ಅರ್ಜುನ್ 2021ರಿಂದ ಸ್ಪರ್ಧಿಸಿದ ಜರ್ಮನಿಯ ಡಿಟಿಎಂನಲ್ಲಿ, ಗೆದ್ದ ಕಾರಿಗೆ ಮುಂದಿನ ಓಟಕ್ಕೆ ಹೆಚ್ಚುವರಿ ಭಾರ ಹೊರಿಸುವ ಪದ್ಧತಿಯಿತ್ತು. ಚಾಲಕನ ಕೈ ಕಟ್ಟಬೇಕಿಲ್ಲ, ಎಂಜಿನ್ ಕುಗ್ಗಿಸಬೇಕಿಲ್ಲ. ಕೆಲವು ಕಿಲೋ ಸೀಸ ಸಾಕು. ಫಾರ್ಮುಲಾ 1ರ ಕನಿಷ್ಠ ತೂಕ 2008ರಲ್ಲಿ ಚಾಲಕನೂ ಸೇರಿ 605 ಕಿಲೋ ಇತ್ತು. ಹೈಬ್ರಿಡ್ ಎಂಜಿನ್, ತಲೆ ಕಾಯುವ ಹೇಲೊ ಕಮಾನು, 18 ಇಂಚಿನ ಚಕ್ರ ಒಂದೊಂದೇ ಸೇರಿ 2025ಕ್ಕೆ 800 ಮುಟ್ಟಿತು. ಚಾಲಕರು ವರ್ಷಗಟ್ಟಲೆ ಗೊಣಗಿದ ಮೇಲೆ 2026ರ ನಿಯಮದಲ್ಲಿ ಅದನ್ನು 768ಕ್ಕೆ ಇಳಿಸಲಾಗಿದೆ. ರಸ್ತೆ ಕಾರಿನಲ್ಲೂ ಹಗುರತನ ಸಾಧ್ಯ ಎಂದು ಕಾರು ವಿನ್ಯಾಸಕ ಗಾರ್ಡನ್ ಮರ್ರಿ ಎರಡು ಸಲ ತೋರಿಸಿದ್ದಾರೆ: 1992ರ ಮೆಕ್ಲಾರೆನ್ ಎಫ್1 1138 ಕಿಲೋ, 2020ರ ಟಿ.50 ಟನ್ನಿಗೂ ಕಡಿಮೆ, 986. ಬೆಲೆ ಕೇಳಬೇಡಿ.

ಹಗುರತನದ ವಿರುದ್ಧ ಬರುವ ದೊಡ್ಡ ವಾದ ಸುರಕ್ಷತೆಯದು. ಅದನ್ನು ತಳ್ಳಿಹಾಕುವಂತಿಲ್ಲ. ರೇವಾವನ್ನೇ 2007ರಲ್ಲಿ ಬ್ರಿಟನ್ನಿನ ನಿಯತಕಾಲಿಕವೊಂದು ಅಪಘಾತ ಪರೀಕ್ಷೆಗೆ ಒಡ್ಡಿ ಕಟುವಾಗಿ ಟೀಕಿಸಿತ್ತು. ಭಾರದ ಕಾರು, ಹಗುರ ಕಾರು ಮುಖಾಮುಖಿ ಗುದ್ದಿದರೆ ಪೆಟ್ಟು ಹೆಚ್ಚು ಬೀಳುವುದು ಹಗುರದ್ದಕ್ಕೆ. ಇದು ಶಾಲೆಯ ಭೌತಶಾಸ್ತ್ರ. ಆದರೆ ತೂಕ ಇದ್ದ ಮಾತ್ರಕ್ಕೆ ಸುರಕ್ಷಿತ, ಹಗುರವಾದದ್ದೆಲ್ಲ ತಗಡು ಎಂಬ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಬಿಡದಿಯಲ್ಲೇ ತಯಾರಾದ ಟೊಯೋಟಾ ಇಟಿಯೋಸ್ ನೋಡಿ. 2010ರ ಡಿಸೆಂಬರಿನಲ್ಲಿ ಬಂದಾಗ ಪೆಟ್ರೋಲ್ ಮಾದರಿಯ ತೂಕ ಟನ್ನಿಗೂ ಕಡಿಮೆ. ಜನ ಬಾಗಿಲು ತಟ್ಟಿ ನೋಡಿ ಮೂಗು ಮುರಿದರು. ಕೊನೆಗೆ ಅದು ಟ್ಯಾಕ್ಸಿಯಾಗಿ ಬಾಳಿ 2020ರಲ್ಲಿ ನಿಂತಿತು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇದ್ದ ಇಟಿಯೋಸ್‌ಗೆ ನಾಲ್ಕು ತಾರೆ ಬಂದಿತ್ತು. ಅದೇ ಕಾಲದಲ್ಲಿ ‘ಧಪ್’ ಎನ್ನುತ್ತಿದ್ದ ಕೆಲವು ಭಾರದ ಗಾಡಿಗಳಿಗೆ ಏರ್‌ಬ್ಯಾಗ್ ಇಲ್ಲದೆ ಸೊನ್ನೆ. ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ಚೌಕಟ್ಟಿಗೆ ಹೇಳಿಕೊಡುವುದು ಎಂಜಿನಿಯರಿಂಗ್. ಅದು ಬಾಗಿಲ ಸದ್ದಿನಲ್ಲಿ ಕೇಳಿಸುವುದಿಲ್ಲ.

ಬಿಡದಿಯಿಂದಲೇ ಬಂದ ಇನ್ನೊಂದು ಬದಲಾವಣೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 2000ದ ಕ್ವಾಲಿಸ್, 2005ರ ಇನೋವಾ, 2016ರ ಕ್ರಿಸ್ಟಾ ಮೂರೂ ಲಾರಿಯಂತೆ ಚಾಸಿಯ ಮೇಲೆ ಮೈ ಕೂರಿಸಿದ ಗಾಡಿಗಳು. 2022ರ ಹೈಕ್ರಾಸ್ ಚಾಸಿ ಬಿಟ್ಟು, ಮೈಯೇ ಚೌಕಟ್ಟಾದ ಮಾನೊಕಾಕ್‌ಗೆ ಬಂತು, ಹಿಂಚಕ್ರದಿಂದ ಮುಂಚಕ್ರದ ಎಳೆತಕ್ಕೆ ಬಂತು. ಹೈಬ್ರಿಡ್ ಬ್ಯಾಟರಿ ಹೊತ್ತೂ ಕ್ರಿಸ್ಟಾಕ್ಕಿಂತ ಹಗುರವಾಯಿತು. ಚಾಲಕ ಸಮುದಾಯ ಮೊದಲಿಗೆ ಅನುಮಾನದಿಂದ ನೋಡಿತು. ಈಗ ಮೈಸೂರಿಗೆ ಹೋಗಿ ಬಂದವರನ್ನು ಕೇಳಿದರೆ, ತಿರುವಿನಲ್ಲಿ ಹಿಂದಿನ ಸೀಟಿನವರು ಒಬ್ಬರ ಮೇಲೊಬ್ಬರು ಬೀಳುವುದು ಕಡಿಮೆಯಾಗಿದೆ ಎನ್ನುತ್ತಾರೆ. ಈ 25 ವರ್ಷಗಳಲ್ಲಿ ದೊಡ್ಡ ಗಾಡಿಯೊಂದು ಮೈ ಇಳಿಸಿ ಉತ್ತಮಗೊಂಡ ಅಪರೂಪದ ಪ್ರಸಂಗ ಇದು.

ಸರ್ಕಾರದ ಪಾತ್ರವೂ ಇದೆ. ನಮ್ಮಲ್ಲಿ ಕಾರಿನ ಉದ್ದ ಅಳೆಯುತ್ತಾರೆ, ಎಂಜಿನ್ನಿನ ಸಿಸಿ ಅಳೆಯುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬದಲಾದ ಜಿಎಸ್‌ಟಿ ದರಗಳೂ ನಾಲ್ಕು ಮೀಟರ್, 1200 ಸಿಸಿ, 1500 ಸಿಸಿ ಎಂಬ ಗೆರೆಗಳ ಮೇಲೆಯೇ ನಿಂತಿವೆ. ಕರ್ನಾಟಕದ ರಸ್ತೆ ತೆರಿಗೆ ಕಾರಿನ ಬೆಲೆ ನೋಡುತ್ತದೆ. ತೂಕ ನೋಡುವ ನಿಯಮ ಒಂದಿದೆ, ಇಂಧನ ಬಳಕೆಯ ಕೆಫೆ ಮಿತಿ. ಅದು ನೋಡುವ ರೀತಿ ವಿಚಿತ್ರ: ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಮಿತಿ ಸಡಿಲ. ಫ್ರಾನ್ಸ್ 2022ರಿಂದ 1800 ಕಿಲೋ ಮೀರಿದ ಕಾರುಗಳಿಗೆ ಹೆಚ್ಚುವರಿ ತೆರಿಗೆ ಹಾಕಿತು, 2024ರಲ್ಲಿ ಆ ಗೆರೆಯನ್ನು 1600ಕ್ಕೆ ಇಳಿಸಿತು. ನಮ್ಮಲ್ಲಿ ಅಂಥದ್ದು ಬರಲಿ ಎಂದು ಇಂದೇ ವಾದಿಸುವುದಿಲ್ಲ; ಮೊದಲು ಮೈಭಾರಕ್ಕೆ ಬಹುಮಾನ ಕೊಡುವುದನ್ನು ನಿಲ್ಲಿಸಿದರೆ ಸಾಕು. ರಸ್ತೆ ಹಾಳಾಗುವುದಕ್ಕೂ ಭಾರದ ಕಾರುಗಳೇ ಕಾರಣ ಎನ್ನುವವರಿದ್ದಾರೆ. ಅದು ಅತಿಯಾಯಿತು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ತುಂಬಿದ ಟಿಪ್ಪರಿನ ಮುಂದೆ ಯಾವ ಎಸ್‌ಯುವಿಯೂ ಲೆಕ್ಕಕ್ಕಿಲ್ಲ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಈ ಎಲ್ಲ ಲೆಕ್ಕವನ್ನೂ ಪುಸ್ತಕದಿಂದ ರಸ್ತೆಗೆ ಇಳಿಸಿತು. ಅದುವರೆಗೆ ಕೆಂಗೇರಿಯ ಟ್ರಾಫಿಕ್ಕಿನಲ್ಲಿ ನಾಲ್ಕನೇ ಗೇರ್ ಕಾಣದ ಕಾರುಗಳು ಒಮ್ಮೆಲೇ ಬಯಲಿಗೆ ಬಂದವು. ಮೊದಲ ತಿಂಗಳುಗಳ ಅಪಘಾತಗಳ ಬಳಿಕ ಆಗಸ್ಟ್ 1ರಿಂದ ಬೈಕ್, ಆಟೋಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಕ್ಯಾಮೆರಾ ಬಂದವು, 100ರ ಮಿತಿ ಬಿಗಿಯಾಯಿತು. ಇಂಥ ರಸ್ತೆಯಲ್ಲಿ ತೂಕ ಕೈಕೊಡುವುದು ತಿರುವಿನಲ್ಲಿ ಅಲ್ಲ, ದಿಢೀರ್ ಪಥ ಬದಲಿಸುವಾಗ. ಮುಂದೆ ಏನೋ ಅಡ್ಡ ಬಂತು. ಚಾಲಕ ಸ್ಟೀರಿಂಗ್ ಎಡಕ್ಕೆ ಎಳೆದ, ಭಾರವೆಲ್ಲ ಬಲಕ್ಕೆ ಬಿತ್ತು. ಗಾಬರಿಯಲ್ಲಿ ಮತ್ತೆ ಬಲಕ್ಕೆ ಎಳೆದ. ಈಗ ಬಲಗಡೆ ಒತ್ತಿಹೋಗಿದ್ದ ಸ್ಪ್ರಿಂಗುಗಳು ಬಿಚ್ಚಿಕೊಳ್ಳುವ ಬಲವೂ ಸೇರಿ ಎರಡನೆಯ ತೂಗು ಮೊದಲಿನದಕ್ಕಿಂತ ಜೋರಾಗಿ ಬರುತ್ತದೆ. ಗಾಡಿ ಮಗುಚುವುದು ಬಹುತೇಕ ಈ ಎರಡನೆಯ ತೂಗಿನಲ್ಲಿ. ಇಎಸ್‌ಸಿ ಎಂಬ ಸಾಧನ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಇದನ್ನು ತಡೆಯಲು ನೋಡುತ್ತದೆ. ಸನ್‌ರೂಫ್ ಇದ್ದು ಇಎಸ್‌ಸಿ ಇಲ್ಲದ ಮಾದರಿ ಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಕಂಪನಿ ಕೊಟ್ಟ ತೂಕದ ಮೇಲೆ ನಾವು ಸೇರಿಸುವುದೂ ಕಡಿಮೆಯಿಲ್ಲ. ಶುಕ್ರವಾರ ಸಂಜೆ ಧರ್ಮಸ್ಥಳಕ್ಕೋ ಮಡಿಕೇರಿಗೋ ಹೊರಟ ಕಾರುಗಳ ತಲೆಯ ಮೇಲೆ ಕ್ಯಾರಿಯರ್, ಅದರ ಮೇಲೆ ಸೂಟ್‌ಕೇಸ್, ಟಾರ್ಪಾಲು. ಒಳಗೆ ಏಳು ಜನ. ಸೇರಿಸಬಾರದ ಎತ್ತರದಲ್ಲೇ ಸೇರಿಸಿದ ಭಾರ ಅದು. ಡಿಕ್ಕಿಯಲ್ಲಿ ಸಬ್‌ವೂಫರ್ ಪೆಟ್ಟಿಗೆ. ಮುಂದೆ ಕಬ್ಬಿಣದ ಕ್ರಾಶ್ ಗಾರ್ಡ್. ಕೇಂದ್ರ ಸರ್ಕಾರ 2017ರಲ್ಲೇ ಕಾನೂನುಬಾಹಿರ ಎಂದದ್ದು ಮಾಗಡಿ ರಸ್ತೆಯಲ್ಲಿ ಇವತ್ತಿಗೂ ಕಾಣುತ್ತದೆ. ಮುಂಚಕ್ರಗಳಿಗಿಂತ ಮುಂದೆ ತೂಗುಹಾಕಿದ ಪ್ರತಿ ಕಿಲೋ ಕಾರಿನ ಮೂಗನ್ನು ತಿರುವಿನಿಂದ ಹೊರಕ್ಕೆ ಎಳೆಯುತ್ತದೆ. ಎಲ್ಲಕ್ಕಿಂತ ದುಬಾರಿ ತಪ್ಪು ದೊಡ್ಡ ಅಲಾಯ್ ಚಕ್ರಗಳದ್ದು. ಸಸ್ಪೆನ್ಷನ್ನಿಗಿಂತ ಕೆಳಗಿರುವ ಈ ತೂಕವನ್ನು ಸ್ಪ್ರಿಂಗು ಹೊರುವುದಿಲ್ಲ. ಗುಂಡಿಗೆ ಬಿದ್ದ ಭಾರದ ಚಕ್ರ ಮತ್ತೆ ನೆಲ ಮುಟ್ಟಲು ತಡಮಾಡುತ್ತದೆ, ಮುಟ್ಟುವವರೆಗೆ ಅಲ್ಲಿ ಹಿಡಿತವೇ ಇಲ್ಲ. ಬೆಂಗಳೂರಿನ ಗುಂಡಿಗಳ ಮೇಲೆ 18 ಇಂಚಿನ ಅಗ್ಗದ ಅಲಾಯ್ ಹಾಕಿಸಿಕೊಂಡು ‘ರೋಡ್ ಗ್ರಿಪ್ ಜಾಸ್ತಿಯಾಗಿದೆ’ ಎನ್ನುವವರಿಗೆ ಏನು ಹೇಳುವುದು? ಗಾಳಿ ತುಂಬಿಸುವಲ್ಲಿ ಎಲ್ಲ ಕಾರಿಗೂ, ಎಲ್ಲ ಪ್ರಯಾಣಕ್ಕೂ ‘ಮೂವತ್ತೆರಡು ಹಾಕಪ್ಪಾ’ ಎನ್ನುವ ರೂಢಿಯೂ ಇದೇ ಸಾಲಿನದು. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಕಂಪನಿಯವರು ತುಂಬಿದ ಗಾಡಿಗೆ ಬೇರೆ ಒತ್ತಡ ಬರೆದಿರುತ್ತಾರೆ, ಓದುವವರಿಲ್ಲ.

ನಮ್ಮ ಕೋರಿಕೆ ದೊಡ್ಡದಲ್ಲ. ಕಂಪನಿಗಳು ಬ್ರೋಷರಿನ ಮೊದಲ ಪುಟದಲ್ಲಿ ಅಶ್ವಶಕ್ತಿಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಕರ್ಬ್ ತೂಕ, ಅಂದರೆ ಖಾಲಿ ಗಾಡಿಯ ತೂಕ, ಅಚ್ಚು ಹಾಕಲಿ. ಈಗ ಹಲವು ಬ್ರೋಷರುಗಳಲ್ಲಿ ಅದು ಕೊನೆಯ ಪುಟದಲ್ಲೂ ಸಿಗುವುದಿಲ್ಲ. ವಾಹನ ವಿಮರ್ಶೆ ಬರೆಯುವವರು ಅದನ್ನು ಕೇಳಿ ಪಡೆಯಲಿ. ಓದುಗರಾದ ನೀವು ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಖರ್ಚಿಲ್ಲ. ನಿಮ್ಮ ಕಾರಿನ ಆರ್‌ಸಿಯಲ್ಲಿ ‘ಅನ್‌ಲೇಡನ್ ವೇಟ್’ ಎಂಬ ಸಾಲಿದೆ. ಮುಂದಿನ ಟೈರು, ಮುಂದಿನ ಅಲಾಯ್, ಮುಂದಿನ ಕಾರು ಕೊಳ್ಳುವ ಮೊದಲು ಆ ಸಾಲನ್ನು ಓದಿ.